ಅಸಲು ಕೆಳಗೆ, ನಕಲು ಮೇಲೆ

ಕೀ ಅಕ್ಕನ ಅಣ್ಣನಿಗೆ ಈ ಲೋಕದಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಎರಡೇ ಕೆಲಸ: ಬೀಗ ಹಾಕುವುದು, ಹಾಕಿ ಬೀಗುವುದು. ಸಕ್ಕರೆ ಡಬ್ಬಿ ಇಟ್ಟ ಕಪಾಟಿಗೆ ಬೀಗ, ಮನೆಯೊಳಗೇ ನಿಲ್ಲಿಸಿದ ಸೈಕಲ್ಲಿಗೆ ಬೀಗ, ಯಾರೂ ಕಾಗದ ಹಾಕದ ಅಂಚೆ ಪೆಟ್ಟಿಗೆಗೂ ಬೀಗ. ಹಾಕಿದ ಮೇಲೆ ಜಗ್ಗಿ ನೋಡುವುದು, ಗೇಟಿನವರೆಗೆ ಹೋಗಿ ಮತ್ತೆ ಬಂದು ಜಗ್ಗುವುದು. ಇಷ್ಟೊಂದು ಬೀಗಗಳ ಯಜಮಾನನಿಗೆ ತನ್ನ ಒಡಹುಟ್ಟಿದ ತಂಗಿ ಬೀಗ ರಿಪೇರಿ ಮಾಡುತ್ತಾಳೆ ಎಂದು ಹೇಳಿಕೊಳ್ಳಲು ಮಾತ್ರ ನಾಚಿಕೆ. ದೇವರು ಕೆಲವರಿಗೆ ತಲೆ ಕೊಡುವಾಗ ಒಳಗೇನಾದರೂ ಇದೆಯೇ ಎಂದು ಅಲ್ಲಾಡಿಸಿ ನೋಡುವುದಿಲ್ಲವೇನೋ.

ತಂಗಿಯ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಎದ್ದು ನಿಂತರೆ ತಲೆ ತಾಗುವಷ್ಟೇ ಜಾಗ. ಗೋಡೆಯ ತುಂಬ ಕೊಕ್ಕೆ, ಕೊಕ್ಕೆಯ ತುಂಬ ಇನ್ನೂ ಹಲ್ಲು ಮೂಡದ ಕೀಗಳು, ಮುಂದೆ ಕೀ ಕೊರೆಯುವ ಮಷಿನ್ನು, ಪಕ್ಕದಲ್ಲಿ ಗಿರಾಕಿಗೊಂದು ಸ್ಟೂಲು. ಮೊದಲು ಅಲ್ಲಿ ಅಪ್ಪ ಕೂರುತ್ತಿದ್ದ. ಅಪ್ಪನ ನಂತರ ಅವಳು ಕೂತಳು. ಬೀದಿಗೆಲ್ಲ ಅವಳು ಕೀ ಅಕ್ಕ. ಅವಳ ಬಾಯಿ ಅವಳು ಕಬ್ಬಿಣ ಉಜ್ಜುವ ಅರಕ್ಕಿಂತ ಹರಿತ. ಕೀ ಕಳೆದುಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಕೀ. ಬೈಸಿಕೊಂಡೂ ಜನ ಬರುತ್ತಿದ್ದರು, ಯಾಕೆಂದರೆ ಅವಳು ಮಾಡಿದ ಕೀ ಒಂದೇ ತಿರುವಿಗೆ ತಿರುಗುತ್ತಿತ್ತು.

ಅಣ್ಣ ಎಂದೂ ಆ ಮೆಟ್ಟಿಲ ಕೆಳಗೆ ಬಗ್ಗಿ ಬಂದು ಕೂತವನಲ್ಲ. ಅಪ್ಪ ಕೊರೆದ ಕೀಗಳ ದುಡ್ಡಿನಲ್ಲೇ ಓದಿ, ದಾಖಲೆ ಕಚೇರಿ ಸೇರಿ, ಸೂಪರಿಂಟೆಂಡೆಂಟ್ ಆಗಿ, ಈಗ ನಿವೃತ್ತನಾಗಿದ್ದ. ಅಷ್ಟು ವರ್ಷ ಅಲ್ಲಿ ಕಲಿತದ್ದು ಒಂದೇ ಸೂತ್ರ, ಅದನ್ನು ಮನೆಗೂ ಹೊತ್ತು ತಂದಿದ್ದ. ಅಸಲನ್ನೂ ನಕಲನ್ನೂ ಬೇರೆ ಮಾಡಬಾರದು, ಎರಡೂ ಒಂದೇ ಕಟ್ಟಿನಲ್ಲಿರಬೇಕು. ಅಸಲು ಕೆಳಗೆ, ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿ. ನಕಲು ಮೇಲೆ, ಕೇಳಿದವರಿಗೆ ತೋರಿಸುವುದಕ್ಕೆ. ಇದನ್ನು ಹೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಸಾಕ್ಷಾತ್ಕಾರ ಆದವರ ಹಾಗೆ. ಕೇಳುವವರು ಆಕಳಿಸುವುದು ಅದರಿಂದಾಗಿ ಅವನಿಗೆ ಕಾಣುತ್ತಿರಲಿಲ್ಲ.

ಅತ್ತಿಗೆ ತೀರಿಕೊಂಡಾಗ ಅವನ ಮಗಳು ಪುಟ್ಟಿ ಇನ್ನೂ ತೊದಲು ಮಾತಾಡುತ್ತಿದ್ದಳು. ಸಾಹೇಬರಿಗೆ ಕಚೇರಿ ಬಿಟ್ಟಿರಲು ಆಗುತ್ತದೆಯೇ? ಮಗು ಬಂದದ್ದು ಮೆಟ್ಟಿಲ ಕೆಳಗೆ. ಹಲ್ಲಿಲ್ಲದ ಕೀಗಳನ್ನು ಆಡಲು ಕೊಟ್ಟು, ಮಷಿನ್ನಿನ ಸದ್ದಿಗೇ ಮಲಗಿಸಿ, ಕೈ ಹಿಡಿದು ಶಾಲೆಯ ಗೇಟಿನವರೆಗೆ ನಡೆಸಿ ಬೆಳೆಸಿದವಳು ಕೀ ಅಕ್ಕ. ಈಗ ಆ ಪುಟ್ಟಿಗೆ ಮದುವೆ. ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನೇ ಒಪ್ಪಿಕೊಂಡಿದ್ದಳು. ಮದುವೆಯ ದಿನ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ತನ್ನದು ಎಂದುಕೊಂಡಿದ್ದಳು ಕೀ ಅಕ್ಕ. ಹೊಸ ಚಪ್ಪಲಿ ಕೊಂಡು, ಡಬ್ಬದ ಸಮೇತ ಮಷಿನ್ನಿನ ಕೆಳಗೆ ಇಟ್ಟಿದ್ದಳು. ಆ ಕುರ್ಚಿಯೊಂದು ಬಿಟ್ಟು ಅಣ್ಣನ ಮನೆಯಿಂದ ಅವಳಿಗೆ ಬೇರೇನೂ ಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ಬಂದ. ಸ್ಟೂಲನ್ನು ಕರ್ಚೀಫಿನಿಂದ ಚೆನ್ನಾಗಿ ಒರೆಸಿ, ಆಮೇಲೆ ಕೂರದೆ ನಿಂತ.

"ಬೀಗರು ದೊಡ್ಡ ಜನ. ಹುಡುಗನ ತಾಯಿ ಹೈಸ್ಕೂಲ್ ಹೆಡ್‌ಮಿಸ್," ಎಂದ.

"ಒಳ್ಳೇದೇ ಆಯ್ತು. ನಿನ್ನ ಬೆಂಚ್ ಮೇಲೆ ನಿಲ್ಲಿಸೋರು ಒಬ್ಬರು ಬೇಕಾಗಿತ್ತು."

ಅವನು ಗಂಟಲು ಸರಿಮಾಡಿಕೊಂಡ. "ನೀನು ಮದುವೆಗೆ ಬರ್ಬೇಡ ಅಂತ ನಾನು ಹೇಳ್ತಿಲ್ಲ. ಬಾ. ಆದ್ರೆ ಅವರ ಮುಂದೆ ಪಕ್ಕದ ಮನೆಯವಳು ಅಂತ ಹೇಳ್ತೀನಿ. ಹಿಂದಿನ ಸಾಲಲ್ಲಿ ಕೂತು, ಊಟ ಮಾಡ್ಕೊಂಡು ಹೋಗು. ಅಪ್ಪ ಮೆಟ್ಟಿಲ ಕೆಳಗೆ ಕೂತು ಕೀ ಮಾಡ್ತಿದ್ರು, ತಂಗಿ ಇನ್ನೂ ಅದನ್ನೇ ಮಾಡ್ತಿದಾಳೆ ಅಂತ ಈಗಲೇ ಅವರ ಕಿವಿಗೆ ಬೀಳೋದು ಬೇಡ."

ಕೀ ಅಕ್ಕ ಕೈಯಲ್ಲಿದ್ದ ಕೀಯನ್ನು ವೈಸಿನ ದವಡೆಗೆ ಸಿಕ್ಕಿಸಿ ಬೇಕಾದ್ದಕ್ಕಿಂತ ಹೆಚ್ಚು ಬಿಗಿದಳು.

"ಯಾವ ಪಕ್ಕದ ಮನೆ?" ಎಂದಳು. "ಎಡಗಡೆಯವರ ಜೊತೆ ನೀನು ಮಾತು ಬಿಟ್ಟಿದೀಯ. ಬಲಗಡೆ ಇರೋದು ಚರಂಡಿ."

ವ್ಯಂಗ್ಯ ಅವನಿಗೆ ತಾಗುವುದಿಲ್ಲ, ಎಣ್ಣೆ ಸವರಿದ ಚರ್ಮ. ಅವನು ಜೇಬಿನಿಂದ ಫೋನು ತೆಗೆದ. ಮದುವೆ ಛತ್ರದ ಪರದೆಯ ಮೇಲೆ ತೋರಿಸುವುದಕ್ಕೆ ಬೀಗರು ಹುಡುಗಿಯ ಹಳೆಯ ಫೋಟೋಗಳನ್ನು ಕೇಳಿದ್ದರಂತೆ. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಫೈಲಾಗಿ ಗಂಟು ಕಟ್ಟಿ ನಿನ್ನೆ ಕಳಿಸಿದನಂತೆ. ನೋಡು ಎಂದು ಹಿಡಿದ. ಶಾಲೆಯ ಗೇಟಿನ ಮುಂದೆ ಪುಟ್ಟಿ, ಮೊದಲ ದಿನ, ಅಳುಮೋರೆ. ಪಕ್ಕದಲ್ಲಿ ಒಂದು ಹೂಕುಂಡ. ಕೆರೆಯ ದಂಡೆಯಲ್ಲಿ ಪುಟ್ಟಿ, ಪಕ್ಕದಲ್ಲಿ ಹೂಕುಂಡ. ಸಾಹೇಬರಿಗೆ ಬಡ್ತಿ ಸಿಕ್ಕ ದಿನ ಕಚೇರಿಯ ಮೆಟ್ಟಿಲ ಮೇಲೆ ಅಪ್ಪ, ಮಗಳು, ಹೂಕುಂಡ. ಎಲ್ಲ ಕಡೆಯೂ ಒಂದೇ ಕುಂಡ. ಒಂದು ಎಲೆ ಒಣಗಿ ಜೋತುಬಿದ್ದಿತ್ತು. ಅದೂ ಎಲ್ಲ ಕಡೆ ಹಾಗೇ ಜೋತುಬಿದ್ದಿತ್ತು.

"ಇಲ್ಲೆಲ್ಲ ನಾನಿದ್ದೆನಲ್ಲ," ಎಂದಳು ಕೀ ಅಕ್ಕ.

"ಜಾಗ ಖಾಲಿ ಕಾಣ್ಬಾರ್ದು ಅಂತ."

"ಅದಕ್ಕೆ ಕುಂಡ ಇಟ್ಟೆ. ನೀನೇ ಕೂತು ಇದನ್ನೆಲ್ಲ ಮಾಡಿದ್ಯಾ?"

"ನನಗೆಲ್ಲಿ ಬರುತ್ತೆ ಅದೆಲ್ಲ? ಮಾಡಿಸ್ದೆ," ಎಂದು ಅವನು ಬೇಗ ಬೇಗ ಮಾತು ತಿರುಗಿಸಿದ. ಬೀಗದ ವಿಷಯಕ್ಕೆ ಬಂದ ಮೇಲೆ ಮುಖ ಅರಳಿತು. ಆ ಗಂಟು ಕಟ್ಟುವ ಸಾಫ್ಟ್‌ವೇರಿನಲ್ಲಿ ಇಲ್ಲದ ಭದ್ರತೆಯೇ ಇಲ್ಲವಂತೆ. ಪಾಸ್‌ವರ್ಡ್ ಬೇಕೇ ಎಂದು ಕೇಳಿತಂತೆ. ಬೇಡ ಎಂದನಂತೆ, ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗುತ್ತದೆ. ದಾರಿಯಲ್ಲಿ ಏನಾದರೂ ಕೆಟ್ಟರೆ ಗಂಟು ತನ್ನಷ್ಟಕ್ಕೆ ತಾನೇ ಸರಿಮಾಡಿಕೊಳ್ಳುವ ಏರ್ಪಾಡು ಬೇಕೇ ಎಂದಿತಂತೆ. ಬೇಕು ಎಂದು ಗುರುತು ಹಾಕಿದನಂತೆ. ಕೊನೆಗೆ ಬೀಗ. ಒಮ್ಮೆ ಹಾಕಿದರೆ ಮುಗಿಯಿತು, ಆಮೇಲೆ ಯಾರೂ ಇದನ್ನು ತಿದ್ದಲಾಗದು ಎಂದು ಪರದೆಯ ಮೇಲೆ ಎಚ್ಚರಿಕೆ ಬಂತಂತೆ. ಅದನ್ನು ಓದಿ ಅವನ ಮೈ ಜುಮ್ಮೆಂದಿತಂತೆ.

"ಅಸಲು ಫೋಟೋಗಳನ್ನೂ ನಾನು ಎಸೆದಿಲ್ಲ," ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ. "ಅದೇ ಗಂಟಲ್ಲಿ ಕೆಳಗಿನ ಫೋಲ್ಡರಲ್ಲಿದೆ, ಬೀಗದ ಒಳಗೆ. ಮೇಲಿನ ಫೋಲ್ಡರಲ್ಲಿ ನಕಲು. ನಿನ್ನನ್ನೂ ಎಸೆದಿಲ್ಲಮ್ಮ. ಕೆಳಗೆ ಇಟ್ಟಿದೀನಿ, ಅಷ್ಟೆ."

ಹೋಗುವಾಗ ಅಭ್ಯಾಸಬಲದಿಂದ ಅವಳ ಅಂಗಡಿಯ ಬಾಗಿಲಿಗೆ ತೂಗಿದ್ದ ಬೀಗವನ್ನೂ ಒಂದು ಸಲ ಜಗ್ಗಿ ಹೋದ. ಕೀ ಅಕ್ಕ ಅವತ್ತು ಬಂದ ಗಿರಾಕಿಗಳಿಗೆಲ್ಲ ಎರಡು ಪಟ್ಟು ಬೈದಳು. ಚಪ್ಪಲಿ ಡಬ್ಬವನ್ನು ಕಾಲಿನಿಂದ ಒಳಕ್ಕೆ ನೂಕಿದಳು. ಅಣ್ಣನ ಮೇಲಿನ ಸಿಟ್ಟು ಅವಳಿಗೆ ಹಳೆಯದು, ಮೈಗೆ ಒಗ್ಗಿಹೋಗಿತ್ತು. ಆದರೆ ಪುಟ್ಟಿ ಈ ಫೋಟೋಗಳನ್ನು ನೋಡಿಲ್ಲವೇ, ನೋಡಿಯೂ ಸುಮ್ಮನಿದ್ದಾಳೆಯೇ ಎನ್ನುವ ಪ್ರಶ್ನೆ ಹೊಸದು, ಒಗ್ಗಲಿಲ್ಲ.

ಅದಾಗಿ ಇನ್ನೂ ವಾರ ಕಳೆದಿರಲಿಲ್ಲ. ಮಧ್ಯಾಹ್ನ, ಬಿಸಿಲು ಮೆಟ್ಟಿಲ ತುದಿಯವರೆಗೆ ಬಂದಿತ್ತು. ವ್ಯಾನಿನ ಕೀಯನ್ನು ಎಲ್ಲೋ ಬೀಳಿಸಿಕೊಂಡ ಡ್ರೈವರೊಬ್ಬ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಾ ಕೂತಿದ್ದ. ಅಷ್ಟರಲ್ಲಿ ಅಣ್ಣ ಓಡೋಡಿ ಬಂದ, ಕಂಕುಳಲ್ಲಿ ಲ್ಯಾಪ್‌ಟಾಪ್ ಅವುಚಿಕೊಂಡು. ಹಿಂದೆ ಪುಟ್ಟಿ, ಬೇಕಂತಲೇ ನಿಧಾನವಾಗಿ ನಡೆಯುತ್ತಾ. ಈ ಸಲ ಅವನು ಕರ್ಚೀಫು ತೆಗೆಯಲಿಲ್ಲ. ಬಗ್ಗಿ ನೇರ ಒಳಗೇ ಬಂದ.

"ಈ ಬೀಗ ತೆಗಿ," ಎಂದು ಲ್ಯಾಪ್‌ಟಾಪನ್ನು ಮಷಿನ್ನಿನ ಮೇಲೆ ಇಟ್ಟ.

ಕೀ ಅಕ್ಕ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದಳು, ಅಂಚು ಸವರಿದಳು. "ತೂತು ಎಲ್ಲಿದೆ?"

"ಏನ್ ತೂತು?"

"ಕೀ ಹಾಕೋ ತೂತು. ತೂತಿಲ್ಲದ ಬೀಗ ನಾನು ಮುಟ್ಟಲ್ಲ. ಸುತ್ತಿಗೇಲಿ ಒಂದು ಕೊಡ್ಲಾ?"

ಡ್ರೈವರು ಕಿಸಕ್ಕೆಂದ. ಅಣ್ಣ ಅವನನ್ನು ದುರುಗುಟ್ಟಿ ನೋಡಿ, ಮಗಳ ಕಡೆ ತಿರುಗಿ, "ನೀನೇ ಹೇಳು ಇವಳಿಗೆ," ಎಂದ.

ಪುಟ್ಟಿ ಮೆಟ್ಟಿಲ ಕಂಬಕ್ಕೆ ಒರಗಿಕೊಂಡೇ ಹೇಳಿದಳು. "ಆ ಬೀಗ ಒಳಗೆ ಬರೋರನ್ನ ತಡೆಯೋದಲ್ಲ ಅತ್ತೆ. ಒಳಗೆ ಏನಿದೆಯೋ ಅದನ್ನ ಯಾರೂ ಬದಲಾಯಿಸದ ಹಾಗೆ ತಡೆಯೋದು. ಬಿಚ್ಚಿ ನೋಡೋರು ಎಲ್ಲಾ ನೋಡ್ಬಹುದು, ಮೇಲಿಂದೂ ಕೆಳಗಿಂದೂ. ಹೊಸದಾಗಿ ಸೇರಿಸೋ ಹಾಗಿಲ್ಲ, ಇರೋದನ್ನ ತೆಗೆಯೋ ಹಾಗಿಲ್ಲ. ಅಪ್ಪ ಬೆಳಿಗ್ಗೆಯಿಂದ ಕೆಳಗಿನ ಫೋಲ್ಡರ್ ಅಳಿಸಿಹಾಕೋಕೆ ನೋಡ್ತಿದಾರೆ. ಆಗಲ್ಲ, ಬೀಗ ಹಾಕಿದೆ ಅಂತಿದೆ. ಆದ್ರೂ ಏನು, ಬೀಗರ ಮನೆಗೆ ಹೋಗಿರೋದನ್ನ ಇಲ್ಲಿಂದ ತಿದ್ದೋಕಾಗುತ್ತಾ?"

"ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿಹೋಗುತ್ತೆ," ಎಂದ ಅಣ್ಣ ಹಟದಿಂದ.

ಕೀ ಅಕ್ಕನಿಗೆ ಇಷ್ಟೂ ಹೊತ್ತು ಅರ್ಥವಾಗದಿದ್ದದ್ದು ಈಗ ಅರ್ಥವಾಗಿ, ಮೊದಲು ಬಾಯಿ ತೆರೆಯಿತು, ಆಮೇಲೆ ನಗು ಬಂತು. ಅವಳು ನಕ್ಕದ್ದಕ್ಕೆ ಕೊಕ್ಕೆಯ ಮೇಲಿನ ಕೀಗಳೂ ಅಲುಗಿದವು. ಅಯ್ಯೋ ಮಹಾರಾಯ. ಬಟ್ಟೆ ಸುತ್ತಿ ಅರಗು ಒತ್ತಿದ ಕಟ್ಟು ಎಂದು ತಿಳಿದು, ತಂಗಿಯನ್ನು ತನ್ನ ಕೈಯಾರೆ ಬೀಗರ ಮನೆಗೆ ತಲುಪಿಸಿದ್ದ. ತಲುಪಿಸಿದ ಮೇಲೆ ಯಾರೂ ಕದಲಿಸದಂತೆ ಬೀಗ ಬೇರೆ. ದಾರಿಯಲ್ಲಿ ಒಂದು ಫೋಟೋ ಕೂಡ ಕೆಡದಂತೆ ಜೋಪಾನ ಬೇರೆ. ಕುಂಡ ಇಟ್ಟದ್ದು ಬೀಗ ಹಾಕುವ ಮುಂಚೆ. ಬೀಗ ಪಾಪ, ಕುಂಡವನ್ನೂ ಕಾಯಿತು, ಕುಂಡದ ಹಿಂದೆ ಮರೆಯಾದವಳನ್ನೂ ಕಾಯಿತು. ಅದಕ್ಕೇನು ಗೊತ್ತು ಸಾಹೇಬರ ಮರ್ಯಾದೆ.

"ನಗು, ನಗು," ಎಂದ ಅಣ್ಣ. "ಕೆಳಗಿನ ಫೋಟೋನೂ ನೋಡ್ದೆ, ಫೋನ್ ಮಾಡ್ತೀನಿ ಅಂತ ಹೆಡ್‌ಮಿಸ್ ಬೆಳಿಗ್ಗೆ ಮೆಸೇಜ್ ಕಳಿಸಿದಾರೆ. ಈಗ ಒಂದೇ ದಾರಿ ಇದೆ. ಕೇಳಿದ್ರೆ ನೀನೇ ಮಾತಾಡು. ಮುಂಚೆ ನಮ್ಮನೇಲಿ ಬಾಡಿಗೆಗಿದ್ದೆ, ಮಗೂನ ಆಗಾಗ ನೋಡ್ಕೊಳ್ತಿದ್ದೆ ಅನ್ನು. ಒಂದು ಮಾತು. ನಿನ್ನ ಗಂಟೇನು ಹೋಗುತ್ತೆ?"

ನಗು ನಿಂತಿತು. "ಬಾಡಿಗೆಯವಳು," ಎಂದಳು ಕೀ ಅಕ್ಕ. "ಮೊನ್ನೆ ಪಕ್ಕದ ಮನೆಯವಳಾಗಿದ್ದೆ, ಫೋಟೋದಲ್ಲಿ ಹೂಕುಂಡ ಆಗಿದ್ದೆ. ನಾಳೆ ಏನು, ಕಾಲೊರೆಸೋ ಚಾಪೇನಾ? ಅಣ್ಣ, ನಾಚಿಕೆ ಅನ್ನೋದನ್ನೂ ಎಲ್ಲಾದ್ರೂ ಇಟ್ಟು ಬೀಗ ಹಾಕಿದೀಯಾ?"

ಅಷ್ಟರಲ್ಲಿ ಅಣ್ಣನ ಫೋನು ಬಡಿದುಕೊಂಡಿತು. ಅವನ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವನು. ಗಾಬರಿಯಲ್ಲೂ ಬೆರಳು ಅದನ್ನೇ ಒತ್ತಿತು. ಮೆಟ್ಟಿಲ ಕೆಳಗಿನ ಆ ಗೂಡಿನೊಳಗೆ ಹೆಡ್‌ಮಿಸ್ಸಿನ ದನಿ ತುಂಬಿಕೊಂಡಿತು, ಕೊನೆಯ ಬೆಂಚಿಗೂ ಕೇಳುವ ದನಿ.

"ಬೀಗರೇ, ಫೋಟೋಗಳನ್ನ ನೋಡಿದ್ವಿ. ಕೆಳಗಡೆ ಇಟ್ಟಿರೋವನ್ನೂ ನೋಡಿದ್ವಿ, ತುಂಬ ಚೆನ್ನಾಗಿವೆ. ಮುಂದಿನ ಸಾಲಿಗೆ ಕುರ್ಚಿ ಲೆಕ್ಕ ಹಾಕ್ತಿದೀನಿ, ಅದಕ್ಕೇ ಒಂದು ಅನುಮಾನ. ಕೆಳಗಿನ ಫೋಟೋದಲ್ಲಿ ಹುಡುಗಿ ಕೈ ಹಿಡ್ಕೊಂಡು ಒಬ್ಬ ಹೆಂಗಸು ನಿಂತಿದಾರೆ. ಮೇಲಿನ ಫೋಟೋದಲ್ಲಿ ಅವರು ಹೂಕುಂಡ ಆಗಿದಾರೆ. ಗೇಟಿನ ಹತ್ರ ಅದೇ ಕುಂಡ, ಕೆರೆ ಹತ್ರ ಅದೇ ಕುಂಡ. ಪರೀಕ್ಷೇಲಿ ಕಾಪಿ ಹೊಡೆಯೋರನ್ನ ಬೇಕಾದಷ್ಟು ನೋಡಿದೀನಿ ಬೀಗರೇ, ಉತ್ತರದ ಜೊತೆ ಚೀಟೀನೂ ಪಿನ್ ಮಾಡಿ ಕೊಟ್ಟೋರನ್ನ ನೋಡಿರ್ಲಿಲ್ಲ. ಈಗ ಹೇಳಿ. ಅವರಿಗೆ ಕುರ್ಚಿ ಹಾಕಿಸ್ಲೋ, ಕುಂಡ ಇಡೋಕೆ ಸ್ಟ್ಯಾಂಡ್ ತರಿಸ್ಲೋ?"

ಅಣ್ಣ ಫೋನನ್ನು ಅಂಗೈಯಿಂದ ಮುಚ್ಚಿ, ತಂಗಿಯ ಕಡೆ ಚಾಚಿದ. ಬಾಡಿಗೆ, ಬಾಡಿಗೆ ಎಂದು ಬರೀ ತುಟಿ ಅಲ್ಲಾಡಿಸಿದ. ಕೀ ಅಕ್ಕ ಫೋನು ಮುಟ್ಟಲಿಲ್ಲ. ಅವಳು ಪುಟ್ಟಿಯನ್ನೇ ನೋಡುತ್ತಿದ್ದಳು. ತಾನು ಯಾರೆಂಬುದು ತಾನು ಹೇಳುವ ಮಾತಲ್ಲ, ಹೇಳಿ ಗಿಟ್ಟಿಸಿಕೊಂಡ ಕುರ್ಚಿ ತನಗೆ ಬೇಡವೇ ಬೇಡ.

ಪುಟ್ಟಿ ಕಂಬ ಬಿಟ್ಟು ಬಂದು ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು. "ಕುರ್ಚಿ ಹಾಕ್ಸಿ ಅತ್ತೆ," ಎಂದಳು. "ಅವರು ನನ್ನ ಸೋದರತ್ತೆ. ನನ್ನ ಸಾಕಿದೋರು. ಬೀಗ ರಿಪೇರಿ ಅಂಗಡಿ ಇದೆ ಅವರದು, ತಾತನ ಕಾಲದ್ದು."

"ಹಾಗಾದ್ರೆ ಕುರ್ಚಿ," ಎಂದಿತು ದನಿ. "ನಿಮ್ಮಪ್ಪಂಗೂ ಒಂದು ಹಾಕಿಸಿದೀನಿ, ಗಾಬರಿ ಮಾಡ್ಕೋಬೇಡಿ ಅನ್ನು." ಫೋನು ಕಟ್ಟಾಯಿತು.

ಸಾಹೇಬರು ಲ್ಯಾಪ್‌ಟಾಪ್ ಮುಚ್ಚಿದರು. ಆದರೂ ಕೀ ಅಕ್ಕ ಬಿಡಲಿಲ್ಲ. "ಅಲ್ಲಿ ಎಲ್ಲರ ಮುಂದೆ ನನ್ನ ಯಾರು ಅಂತೀಯ? ಇಲ್ಲೇ ಒಂದು ಸಲ ಹೇಳಿ ಅಭ್ಯಾಸ ಮಾಡ್ಕೋ. ಇವನ ಮುಂದೆ ಹೇಳು," ಎಂದು ಡ್ರೈವರನ್ನು ತೋರಿಸಿದಳು.

"ತಂಗಿ," ಎಂದ ಅಣ್ಣ ನೆಲ ನೋಡುತ್ತಾ.

"ಕೇಳಿಸ್ಲಿಲ್ಲ."

"ನನ್ನ ತಂಗಿ."

"ಅದು ಗೊತ್ತಾಯ್ತು ಬಿಡಿ ಸಾರ್," ಎಂದ ಡ್ರೈವರು ಸಮಾಧಾನದ ದನಿಯಲ್ಲಿ. "ನೀವು ಬಗ್ಗಿ ಒಳಗೆ ಬಂದಾಗಲೇ ಅಂದ್ಕೊಂಡೆ. ಇಬ್ಬರದೂ ಒಂದೇ ಮೂಗು."

ಅಣ್ಣನ ಕೈ ತಾನಾಗಿ ಮೂಗಿಗೆ ಹೋಯಿತು. ಅದಕ್ಕೆ ಮಾತ್ರ ಯಾವ ಕುಂಡವನ್ನೂ ಅಡ್ಡ ಇಡುವ ಹಾಗಿರಲಿಲ್ಲ. ಲ್ಯಾಪ್‌ಟಾಪನ್ನು ಅವುಚಿಕೊಂಡು, ಹೊರಡುವ ಭರದಲ್ಲಿ ಮೆಟ್ಟಿಲಿಗೆ ತಲೆ ಬಡಿಸಿಕೊಂಡು ಹೋದ. ಬಾಗಿಲ ಬೀಗ ಜಗ್ಗುವುದನ್ನೂ ಮರೆತ.

ಪುಟ್ಟಿ ಹೋಗಲಿಲ್ಲ. ಕೊಕ್ಕೆಯಿಂದ ಹಲ್ಲಿಲ್ಲದ ಕೀ ಒಂದನ್ನು ತೆಗೆದು ಬೆರಳಲ್ಲಿ ತಿರುಗಿಸುತ್ತಾ ನಿಂತಳು, ಚಿಕ್ಕಂದಿನ ಹಾಗೆ.

"ಬೀಗ ಅಂದ್ರೇನು ಅಂತ ನಿನಗೆ ಮೊದ್ಲೇ ಗೊತ್ತಿತ್ತು," ಎಂದಳು ಕೀ ಅಕ್ಕ.

"ಗೊತ್ತಿತ್ತು. ಅಪ್ಪ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹಾಕಿ ಅಪ್ಪ, ಭದ್ರವಾಗಿರುತ್ತೆ ಅಂದೆ." ತುಟಿಯ ಮೇಲೆ ಒಂದು ಸಣ್ಣ ನಗು ಬಂತು, ಮೆಚ್ಚುಗೆ ಕಾಯುವ ನಗು.

ಕೀ ಅಕ್ಕ ಮೆಚ್ಚಲಿಲ್ಲ. "ದೊಡ್ಡ ಸಾಹಸ. ಬಾಯಿಬಿಟ್ಟು ಹೇಳೋ ಮಾತನ್ನ ಗಂಟಲ್ಲಿ ಕಟ್ಟಿ ಕಳಿಸಿದೀಯ. ಅವರು ನೋಡದೇ ಇದ್ದಿದ್ರೆ? ಸರಿ, ಅದು ಹೋಗ್ಲಿ. ಕುಂಡ ಇಟ್ಟೋರು ಯಾರು?"

ನಗು ಆರಿಹೋಯಿತು. ಕೀ ಬೆರಳಲ್ಲಿ ತಿರುಗುವುದು ನಿಂತಿತು. "ನಾನೇ," ಎಂದಳು ಪುಟ್ಟಿ. "ಅಪ್ಪ ದಿನಾ ಅದೇ ಹೇಳ್ತಿದ್ರು. ನನಗೂ ಸಾಕಾಗಿತ್ತು. ಮದುವೆ ಆಗೋವರೆಗೆ ತಾನೇ ಅಂದ್ಕೊಂಡೆ."

ಅಣ್ಣ ಮಾಡಿದ್ದಕ್ಕೆ ಬೈಗುಳವಿತ್ತು, ಇದಕ್ಕೆ ಇರಲಿಲ್ಲ. ಕೀ ಅಕ್ಕ ವ್ಯಾನಿನ ಕೀಯನ್ನು ಕೈಗೆತ್ತಿಕೊಂಡು, ಹಲ್ಲಿನ ಮೇಲೆ ಅರ ಆಡಿಸುತ್ತಾ, ತಲೆ ಎತ್ತದೆ ಕೇಳಿದಳು.

"ಎಲ್ಲಿಂದ ಶುರು ಮಾಡ್ದೆ ನನ್ನ ಅಳಿಸೋಕೆ? ತಲೆಯಿಂದಲೋ, ಕಾಲಿಂದಲೋ?"

ಪುಟ್ಟಿ ಹಲ್ಲಿಲ್ಲದ ಕೀಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದಳು. "ಕೈಯಿಂದ," ಎಂದಳು. "ನನ್ನ ಕೈ ಹಿಡ್ಕೊಂಡಿತ್ತಲ್ಲ. ಅದನ್ನ ಮೊದ್ಲು ಬಿಡಿಸ್ಬೇಕಾಗಿತ್ತು."

ಅರ ಒಂದು ಸಲ ಜಾರಿತು. ಡ್ರೈವರು ಎದ್ದು, ಬಿಸಿಲು ನೋಡುವ ನೆಪದಲ್ಲಿ ಹೊರಗೆ ಹೋದ. ಪುಟ್ಟಿ ಅಳಲು ಶುರುಮಾಡಿದಳು. ಕೀ ಅಕ್ಕ ಸಮಾಧಾನ ಮಾಡಲಿಲ್ಲ. ಅವಳಿಗೂ ಅಳು ಬಂದಿತ್ತು, ಅದನ್ನು ನುಂಗಿದಳು, ನುಂಗಿದ್ದು ಸಿಟ್ಟಾಗಿ ಹೊರಬಂತು.

"ಆ ಕುಂಡ ನಿಮ್ಮನೆ ಬಾಗಿಲ ಪಕ್ಕ ಇರೋದು ತಾನೇ, ಒಣಗಿದ ಎಲೆದು?"

"ಹೂಂ."

"ಮದುವೆ ದಿನ ಅದನ್ನ ತಗೊಂಡು ಬಾ. ಬೇರೆ ಯಾರ ಕೈಲೂ ಹೊರಿಸೋ ಹಾಗಿಲ್ಲ, ನೀನೇ ಹೊತ್ಕೊಂಡು ಬರ್ಬೇಕು. ಮುಂದಿನ ಸಾಲಲ್ಲಿ ನನ್ನ ಕುರ್ಚಿ ಪಕ್ಕ ಇಡು. ಆಗ ನಾನು ಕೂತ್ಕೊಳ್ತೀನಿ."

"ಎಲ್ಲರ ಮುಂದೆ ಯಾಕೆ ಅತ್ತೆ?"

"ಅಸಲು ನಕಲು ಬೇರೆ ಮಾಡ್ಬಾರ್ದು," ಎಂದಳು ಕೀ ಅಕ್ಕ. "ನಿಮ್ಮಪ್ಪಂದೇ ಕಾನೂನು." ಆಮೇಲೆ ಡ್ರೈವರನ್ನು ಕೂಗಿ ಕರೆದು, ಕೀ ಕೊಟ್ಟು, ಇದನ್ನೂ ಕಳೆದುಕೊಂಡು ಬಂದರೆ ವ್ಯಾನು ನೂಕಿಕೊಂಡೇ ತಿರುಗು ಎಂದು ಬೈದು ಕಳಿಸಿದಳು.

ಮದುವೆಯ ದಿನ ಛತ್ರ ತುಂಬಿತ್ತು. ಸಾಹೇಬರು ಮುಂದಿನ ಸಾಲಿನ ತುದಿಯಲ್ಲಿ, ಮೂಗಿನ ಮೇಲೆ ಕರ್ಚೀಫು ಹಿಡಿದು, ನೆಗಡಿಯಾದವರ ಹಾಗೆ ಕೂತಿದ್ದರು. ಮದುಮಗಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಮಾತೆಲ್ಲ ನಿಂತಿತು. ಅವಳ ತೋಳ ತುಂಬ ಮಣ್ಣಿನ ಕುಂಡ, ಹೊಸ ಬಟ್ಟೆಗೆಲ್ಲ ಮಣ್ಣು, ಮುಖಕ್ಕೆ ತಾಗುವ ಒಣಗಿದ ಎಲೆ. ಕುಂಡ ಭಾರವಿತ್ತು, ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಯಾರೋ ಕೈ ಕೊಡಲು ಎದ್ದರು, ಹೆಡ್‌ಮಿಸ್ ಅವರನ್ನು ಕೂರಿಸಿದರು. ಕೀ ಅಕ್ಕ ಹೊಸ ಚಪ್ಪಲಿ ಹಾಕಿಕೊಂಡು ತನ್ನ ಕುರ್ಚಿಯ ಪಕ್ಕ ನಿಂತು, ಪುಟ್ಟಿ ಬಂದು ಕುಂಡ ಇಳಿಸುವವರೆಗೆ ಕಾದಳು. ಆಮೇಲೆ ಕೂತಳು.